‘ಮುಖ ನೋಡಿದ್ರೇ ಗೊತ್ತಾಗುತ್ತೆ’ ಅನ್ನೋರಿಗೆ

(1/6)
ಯಾವುದೇ ಕೊಲೆ ಕೇಸ್ ಸುದ್ದಿಯ ಕೆಳಗಿರೋ ಕಾಮೆಂಟ್ ಓದಿ. “ಮುಖ ನೋಡಿದ್ರೇ ಗೊತ್ತಾಗುತ್ತೆ.” “ಯಾರ ಜೊತೇನೂ ಸೇರ್ತಿರಲಿಲ್ವಂತೆ, ಸೈಕೋ.” ಜೊತೆಗೆ ಒಂದು ರೀಲ್: “ಈ 5 ಗುಣ ಇದ್ದೋರಿಂದ ದೂರ ಇರಿ.” ನೀವೂ ಲೈಕ್ ಕೊಟ್ಟಿರ್ತೀರಿ. ಆ ಲೈಕ್ ಯಾಕೆ ಅಪಾಯ ಅಂತ ಹೇಳ್ತೀನಿ, ಪೂರ್ತಿ ಓದಿ ಆಮೇಲೆ ಜಗಳ ಆಡಿ.

(2/6)
ಈ ಐಡಿಯಾ ಹೊಸದಲ್ಲ. 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ, ಅಪರಾಧಿ ಹುಟ್ಟುತ್ತಲೇ ಅಪರಾಧಿ, ದವಡೆ, ಕಿವಿ, ಹಣೆ ನೋಡಿ ಗುರುತಿಸಬಹುದು ಅಂದ. 1913ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನ ಅಳೆದು, ಬೇರೆ ಜನರ ಜೊತೆ ಹೋಲಿಸಿ, ಅಂಥ ‘ಅಪರಾಧಿ ಮುಖ’ವೇ ಇಲ್ಲ ಅಂತ ತೋರಿಸಿದ. ನೂರು ವರ್ಷ ದಾಟಿದೆ. ನಮ್ಮ ಕಾಮೆಂಟ್ ಬಾಕ್ಸ್ ಇನ್ನೂ 1876ರಲ್ಲೇ ಕೂತಿದೆ.

(3/6)
“ಹಾಗಾದ್ರೆ ಗುಣಕ್ಕೂ ಅಪರಾಧಕ್ಕೂ ಸಂಬಂಧಾನೇ ಇಲ್ವಾ?” ಇದೆ. ಸುಳ್ಳು ಹೇಳಲ್ಲ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು 1,000 ಮಕ್ಕಳನ್ನ ದಶಕಗಳ ಕಾಲ ಗಮನಿಸಿದ್ರು. ಚಿಕ್ಕಂದಿನಲ್ಲಿ ತಮ್ಮನ್ನ ತಾವು ಹಿಡಿತದಲ್ಲಿ ಇಟ್ಕೊಳ್ಳೋಕೆ ಕಷ್ಟಪಟ್ಟ ಮಕ್ಕಳಲ್ಲಿ ಮುಂದೆ ಕೋರ್ಟಲ್ಲಿ ಶಿಕ್ಷೆ ಆದವರು ಜಾಸ್ತಿ ಇದ್ರು. ಆದ್ರೆ ಅದೇ ಅಧ್ಯಯನ ಇನ್ನೊಂದು ಮಾತೂ ಹೇಳುತ್ತೆ: ಬೆಳೀತಾ ಬೆಳೀತಾ ಹಿಡಿತ ಕಲಿತ ಮಕ್ಕಳ ಬದುಕು ಸುಧಾರಿಸಿತು. ಅಂದ್ರೆ ಗುಣ ಹಣೆಬರಹ ಅಲ್ಲ. ಮುಂಗೋಪಿಗಳಲ್ಲಿ ಹೆಚ್ಚಿನವರು ಯಾರನ್ನೂ ಕೊಲ್ಲಲ್ಲ.

‘ಸೈಕೋ’ ಅಂತೀರಲ್ಲ, ಅದನ್ನ ಅಳೆಯೋಕೆ ಕೆನಡಾದ ರಾಬರ್ಟ್ ಹೇರ್ ಮಾಡಿದ ಪಟ್ಟಿ ಇದೆ. 20 ಅಂಶ, ಒಟ್ಟು 40 ಅಂಕ. ತರಬೇತಿ ಆದವರು ಸಂದರ್ಶನ ಮಾಡಿ, ಹಳೇ ದಾಖಲೆಗಳನ್ನೆಲ್ಲ ಓದಿ ಅಂಕ ಕೊಡ್ತಾರೆ. ನೀವು ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ನೋಡಿ ಕೊಟ್ಟುಬಿಡ್ತೀರಿ.

ಮತ್ತೆ ‘ಯಾರ ಜೊತೇನೂ ಸೇರಲ್ಲ’ ಅನ್ನೋದು ಅಪರಾಧದ ಲಕ್ಷಣ ಅಲ್ಲ. ನಿಮ್ಮ ಕ್ಲಾಸಿನ ಕೊನೇ ಬೆಂಚಲ್ಲಿ ಸುಮ್ನೆ ಕೂರೋ ಹುಡುಗ ನಾಚಿಕೆ ಸ್ವಭಾವದವನು ಅಷ್ಟೆ.

(4/6)
ಈಗ ಉಲ್ಟಾ ನೋಡೋಣ. 2008ರಲ್ಲಿ ಒಂದು ಕಂಪನಿಗೆ ಉತ್ತಮ ಆಡಳಿತಕ್ಕೆ ಅಂತ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. ಅದರ ಯಜಮಾನರು 108 ಆಂಬ್ಯುಲೆನ್ಸ್ ಸೇವೆ ಶುರುಮಾಡಿದ ಸಂಸ್ಥೆಯ ಸ್ಥಾಪಕರು. ಯಾವ ‘5 ಗುಣ’ದ ರೀಲ್ ಹಾಕಿದ್ರೂ ಫುಲ್ ಮಾರ್ಕ್ಸ್. 2009ರ ಜನವರಿ 7ಕ್ಕೆ ಅವರೇ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ್ದ 5,000 ಕೋಟಿಗೂ ಹೆಚ್ಚು ಹಣ ಇಲ್ಲವೇ ಇಲ್ಲ ಅಂತ ಒಪ್ಕೊಂಡ್ರು. ಸತ್ಯಂ, ರಾಮಲಿಂಗ ರಾಜು. 2015ರಲ್ಲಿ ಹೈದರಾಬಾದಿನ ವಿಶೇಷ ಕೋರ್ಟ್ 7 ವರ್ಷ ಶಿಕ್ಷೆ ಕೊಟ್ಟಿತು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಅಜ್ಜಿಯರು ಸುಮ್ನೆ ಹೇಳಿಲ್ಲ.

ನಂಬಿಕೆಯ ಹುದ್ದೆಯಲ್ಲಿದ್ದು ಹಣ ನುಂಗಿದವರನ್ನ ಅಮೆರಿಕದ ಡೊನಾಲ್ಡ್ ಕ್ರೆಸ್ಸಿ ಜೈಲಿಗೇ ಹೋಗಿ ಮಾತಾಡಿಸಿದ. ಅದರಿಂದ ಬಂದದ್ದೇ ಬಿಕಾಂನವರು ಓದೋ ಫ್ರಾಡ್ ಟ್ರಯಾಂಗಲ್: ಒತ್ತಡ, ಅವಕಾಶ, “ಆಮೇಲೆ ವಾಪಸ್ ಹಾಕ್ತೀನಿ” ಅನ್ನೋ ಸಮರ್ಥನೆ. ಅದಕ್ಕೇ ಕ್ಯಾಶ್ ಹಿಡಿಯೋರ ಕೈಗೆ ಲೆಡ್ಜರ್ ಕೊಡಬಾರದು, ಬ್ಯಾಂಕಿಂದಲೇ ನೇರವಾಗಿ ಬ್ಯಾಲೆನ್ಸ್ ತರಿಸಿ ತಾಳೆ ನೋಡಬೇಕು ಅಂತ ಕಲಿಸ್ತಾರೆ. ಇಲ್ಲಿ ಯಾರ ಗುಣಾನೂ ಅಳೆಯಲ್ಲ. ಒಳ್ಳೆಯವನಿಗೂ ಅದೇ ರೂಲ್, ಕೆಟ್ಟವನಿಗೂ ಅದೇ ರೂಲ್. ಯಾರಿಗೂ ಅವಮಾನ ಇಲ್ಲ, ಕಳ್ಳತನಾನೂ ಕಷ್ಟ.

(5/6)
ಗುಣ ಅಳೀತೀವಿ ಅಂತ ಹೊರಟರೆ ಏನಾಗುತ್ತೆ? 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದ್ರು. ಇಡೀ ಸಮುದಾಯಗಳೇ ಹುಟ್ಟಿನಿಂದ ಅಪರಾಧಿಗಳು. ಹೆಸರು ನೋಂದಾಯಿಸ್ಬೇಕು, ಹಾಜರಿ ಹಾಕ್ಬೇಕು, ಪಾಸ್ ಇಲ್ಲದೆ ಊರು ಬಿಡೋ ಹಾಗಿಲ್ಲ. 1952ರಲ್ಲಿ ಅದು ರದ್ದಾಯ್ತು. ಸಂಶಯ ರದ್ದಾಯ್ತಾ? 2024ರ ಅಕ್ಟೋಬರ್‌ನಲ್ಲೂ ಸುಪ್ರೀಂ ಕೋರ್ಟ್, ಜೈಲು ಕೈಪಿಡಿಗಳಲ್ಲಿ ಈ ವಿಮುಕ್ತ ಸಮುದಾಯಗಳನ್ನ ‘ರೂಢಿಗತ ಅಪರಾಧಿ’ಗಳ ಥರ ನೋಡೋ ನಿಯಮಗಳು ಅಸಾಂವಿಧಾನಿಕ ಅಂತ ಹೇಳಬೇಕಾಯ್ತು. ‘ಅವರು ಅಂಥೋರೇ’ ಅನ್ನೋ ಒಂದು ಮಾತಿನ ಆಯಸ್ಸು ನೋಡಿ: 150 ವರ್ಷ ದಾಟಿದೆ.

(6/6)
ಅದಕ್ಕೇ ನನ್ನ ತಕರಾರು. ‘ಅಂಥೋನೇ’ ಅನ್ನೋ ಮಾತು ಒಂದೇ ಸಲಕ್ಕೆ ಎರಡು ತಪ್ಪು ಮಾಡುತ್ತೆ. ಏನೂ ಮಾಡದವನನ್ನ ಕಟಕಟೆಗೆ ನಿಲ್ಲಿಸುತ್ತೆ, ನಗ್ತಾ ನಗ್ತಾ ನಿಮ್ಮ ಚೀಟಿ ದುಡ್ಡು ಎತ್ಕೊಂಡು ಹೋಗೋನಿಗೆ ಕುರ್ಚಿ ಹಾಕುತ್ತೆ.

ಮುಂದಿನ ಸಲ ಸುದ್ದಿ ಓದುವಾಗ “ಇವನು ಎಂಥವನು?” ಅನ್ನೋದಕ್ಕಿಂತ ಮೊದಲು ಇದನ್ನ ಕೇಳಿ: ಇದು ನಡೆಯೋಕೆ ಬಾಗಿಲು ತೆರೆದಿಟ್ಟಿದ್ದು ಯಾರು? ಮೊದಲೇ ದೂರು ಕೊಟ್ಟವರ ಮಾತು ಯಾರಾದ್ರೂ ಕೇಳಿದ್ರಾ? ಸಾಕ್ಷಿ ಏನಿದೆ?

ಮುಖ ಸಾಕ್ಷಿ ಅಲ್ಲ. ಒಪ್ಪಲ್ಲ ಅನ್ನೋರು ಕಾಮೆಂಟ್ ಮಾಡಿ, ವಾದ ಮಾಡೋಣ. ಆದ್ರೆ ಯಾರದೋ ಫೋಟೋ ಹಾಕಬೇಡಿ.

#ಮುಖಸಾಕ್ಷಿಅಲ್ಲ #ಕನ್ನಡದಲ್ಲೇಮಾತಾಡೋಣ