ವಿಷಕ್ಕೆ ಔಷಧಿಯೆಂಬ ಹೆಸರು

ಮೇಷ್ಟರಾಗಿದ್ದಾಗ ನಾನು ಮಕ್ಕಳಿಗೆ ಔಷಧಿ ಎಂದರೆ ರೋಗ ಗುಣಪಡಿಸುವ ವಸ್ತು ಎಂದು ಹೇಳಿಕೊಡುತ್ತಿದ್ದೆ. ಈಗ ಸಂಘಟನೆಯ ಕೆಲಸಕ್ಕೆ ಮಲೆನಾಡಿನ ಹಳ್ಳಿಗಳನ್ನು ಸುತ್ತುವಾಗ ಆ ಪಾಠವನ್ನು ತಿದ್ದಿಕೊಳ್ಳಬೇಕಾಗಿದೆ. ಹುಲ್ಲು ಸುಡುವ ವಿಷಕ್ಕೂ ಅಂಗಡಿಯಲ್ಲಿ ಔಷಧಿಯೆಂದೇ ಹೆಸರು. ಆ ಹೆಸರನ್ನು ನಂಬಿದ ಕೂಲಿಯಾಳು ಬರಿಗೈಯಲ್ಲಿ ಅದನ್ನು ಕಲಸುತ್ತಾನೆ, ಬರಿಗಾಲಿನಲ್ಲಿ ತೋಟವೆಲ್ಲ ಹೊಡೆಯುತ್ತಾನೆ.

ಕಳೆಯ ಕಾಟ ಸುಳ್ಳೆಂದು ನಾನು ಹೇಳುವುದಿಲ್ಲ. ಗದ್ದೆಯನ್ನು ವರ್ಷವರ್ಷವೂ ಉಳುತ್ತೇವೆ, ಕಳೆ ಮಗುಚಿ ಬೀಳುತ್ತದೆ. ಅಡಿಕೆ, ಕಾಫಿ, ಮೆಣಸು ಹಾಗಲ್ಲ. ಒಮ್ಮೆ ನೆಟ್ಟರೆ ಹತ್ತಾರು ವರ್ಷ ಆ ನೆಲಕ್ಕೆ ನೇಗಿಲು ಹೂಡುವಂತಿಲ್ಲ. ಗರಿಕೆ, ಜೇಕು ಮುಂತಾದವು ಅಲ್ಲಿ ಒಕ್ಕಲು ಕೂರುತ್ತವೆ. ಮೇಲೆ ಸವರಿದರೆ ಗಡ್ಡೆಯಿಂದ ಮತ್ತೆ ಚಿಗುರುತ್ತವೆ. ನೆರಳು ಕೂಡದ ಎಳೆಯ ತೋಟದಲ್ಲಂತೂ ಇವುಗಳ ಹಾವಳಿ ಬಹಳ. ಕೂಲಿ ಕೊಡಲು ಕಾಸಿಲ್ಲದ ಎರಡೆಕರೆಯ ರೈತ ವಿಷದ ಡಬ್ಬಿ ಹಿಡಿದರೆ ಅವನನ್ನು ದೂಷಿಸಲಾರೆ.

ಆದರೆ ಡಬ್ಬಿಯಲ್ಲಿರುವುದೇನು? ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವಿಲ್ಲ. ಯುರೋಪಿನ ಒಕ್ಕೂಟ 2007ರಲ್ಲಿ ಅದನ್ನು ಹೊರಗಟ್ಟಿತು. ಗ್ಲೈಫೋಸೇಟ್ ಮನುಷ್ಯನಿಗೆ ಬಹುಶಃ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿತು. ಅಮೆರಿಕದ ಸರ್ಕಾರಿ ಇಲಾಖೆ ಈ ಮಾತನ್ನು ಒಪ್ಪಲಿಲ್ಲ. ಪಂಡಿತರು ವಾದಿಸಲಿ, ನನ್ನ ಪ್ರಶ್ನೆ ಬೇರೆ. ನಮ್ಮ ದೇಶದಲ್ಲಿ ಚಹ ತೋಟಕ್ಕೂ ಬೆಳೆಯಿಲ್ಲದ ನೆಲಕ್ಕೂ ಮಾತ್ರ ಅನುಮತಿ ಪಡೆದ ಈ ವಸ್ತು ಅಡಿಕೆ ತೋಟಕ್ಕೆ ಬಂದದ್ದು ಹೇಗೆ? ತರಬೇತಾದ ಕೀಟನಿಯಂತ್ರಕರ ಮೂಲಕವೇ ಇದನ್ನು ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆಜ್ಞೆ ಹೊರಡಿಸಿತು. ನಮ್ಮ ಸಂತೆಯ ಅಂಗಡಿಗೆ ಆ ಆಜ್ಞೆಯ ಸುದ್ದಿ ಮುಟ್ಟಿದ ಹಾಗೆ ಕಾಣದು.

ಇಷ್ಟಾಗಿ ವಿಷವಾದರೂ ಗೆದ್ದಿತೇ? ನಮ್ಮ ರಾಗಿಯ ನಂಟಿನ ಒಂದು ಕಾಡುಹುಲ್ಲು ಗ್ಲೈಫೋಸೇಟಿಗೆ ಜಗ್ಗದೆ ನಿಂತದ್ದು ಮಲೇಷ್ಯದಲ್ಲಿ 1997ರಲ್ಲೇ ಕಂಡುಬಂತು. ಒಂದೇ ವಿಷವನ್ನು ಮತ್ತೆ ಮತ್ತೆ ಹೊಡೆದರೆ, ಸಾಯದೆ ಉಳಿದ ಗಿಡದ ಬೀಜವೇ ತೋಟವನ್ನೆಲ್ಲ ತುಂಬುತ್ತದೆ. ಇನ್ನು ಬೋಳಾದ ಇಳಿಜಾರಿನ ಮೇಲೆ ಆಷಾಢದ ಮಳೆ ಸುರಿದರೆ ಮೇಲ್ಮಣ್ಣು ಹಳ್ಳದ ಪಾಲು.

ಬೇರೆ ದಾರಿ ನಮ್ಮ ಹಿರಿಯರಿಗೆ ಗೊತ್ತಿತ್ತು. ಬುಡದ ಸುತ್ತ ಮಾತ್ರ ಕಳೆ ಕೀಳುವುದು, ಉಳಿದ ಕಡೆ ಬೀಜ ಕಟ್ಟುವ ಮೊದಲೇ ಸವರಿ ಅಲ್ಲೇ ಹಾಸುವುದು, ಸೋಗೆ ಸೊಪ್ಪು ಹೊದಿಸುವುದು, ಎಳೆಯ ತೋಟದ ಸಾಲಿನ ನಡುವೆ ಹುರುಳಿ ಅಲಸಂದೆ ಬಿತ್ತುವುದು. ಇದನ್ನು ಅಳೆದು ತೂಗಿ ಸುಧಾರಿಸುವುದು ವಿಜ್ಞಾನಿಗಳ ಕೆಲಸ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿಗೆ, ವಿಟ್ಲದಲ್ಲಿ 1956ರಿಂದ ಅಡಿಕೆಗೆ ಸಂಶೋಧನಾ ಕೇಂದ್ರಗಳಿವೆ. ಜಬಲ್ಪುರದಲ್ಲಿ ಕಳೆಗಾಗಿಯೇ 1989ರಲ್ಲಿ ಒಂದು ಕೇಂದ್ರ ಹುಟ್ಟಿತು. ಎಲ್ಲವೂ ಜನರ ತೆರಿಗೆಯಿಂದ ನಡೆಯುವಂಥವು. ಆದರೂ ನಮ್ಮ ಹಳ್ಳಿಯ ರೈತನಿಗೆ ಕಳೆಯ ಪಾಠ ಹೇಳುವವನು ವಿಷ ಮಾರುವ ಅಂಗಡಿಯವನೇ! ರೋಗಿಗೆ ಮದ್ದು ಬರೆಯುವ ಅಧಿಕಾರವನ್ನು ಮದ್ದಿನ ವ್ಯಾಪಾರಿಗೇ ಬಿಟ್ಟಂತಾಯಿತು.

ಈ ಲೆಕ್ಕದಲ್ಲಿ ಯಾರೂ ಹೆಸರೆತ್ತದವರು ಕತ್ತಿ ಹಿಡಿದು ಕಳೆ ಸವರುತ್ತಿದ್ದ ಹೆಂಗಸರು. “ಔಷಧಿ ಬಂದ ಮೇಲೆ ನಮ್ಮನ್ನು ಕರೆಯುವವರಿಲ್ಲ ಮೇಷ್ಟ್ರೇ” ಎಂದು ಒಬ್ಬ ತಾಯಿ ನನಗೆ ಹೇಳಿದಳು. ಆಕೆಯ ಮಗನೇ ಈಗ ಬೆನ್ನಿಗೆ ಡಬ್ಬಿ ಕಟ್ಟಿದ್ದಾನೆ. ತಾಯಿಯ ಕೂಲಿ ಹೋಯಿತು, ಮಗನ ಮೈಗೆ ವಿಷ ಬಂತು.

ಆದುದರಿಂದ ನಾವು ಕೇಳುವುದು ಮೂರು. ಪ್ಯಾರಾಕ್ವಾಟ್ ಮಾರಾಟ ದೇಶಾದ್ಯಂತ ನಿಲ್ಲಬೇಕು. ಸಂಶೋಧನಾ ಕೇಂದ್ರದವರು ವರ್ಷಕ್ಕೆರಡು ಸಲವಾದರೂ ಹೋಬಳಿಗೆ ಬಂದು, ಸಣ್ಣ ರೈತನ ತೋಟದಲ್ಲೇ ವಿಷವಿಲ್ಲದ ಕಳೆ ಹತೋಟಿಯನ್ನು ಮಾಡಿ ತೋರಿಸಬೇಕು. ಅಂಥ ತೋಟಗಳಲ್ಲಿ ಕಳೆ ಸವರುವ ಕೂಲಿಯ ಒಂದು ಪಾಲನ್ನು ಸರ್ಕಾರ ಭರಿಸಬೇಕು. ಅಲ್ಲಿಯವರೆಗೆ, ಡಬ್ಬಿ ಹೊರುವ ಪ್ರತಿಯೊಬ್ಬನಿಗೂ ತೋಟದ ಯಜಮಾನ ಕೈಗವಸು, ಬೂಟು, ಮುಖಕವಚ ಕೊಡಲಿ. ಕೊಡದಿದ್ದರೆ ಆ ಡಬ್ಬಿಯನ್ನು ಹೊರುವುದಿಲ್ಲವೆಂದು ಕೂಲಿಕಾರರು ಒಟ್ಟಾಗಿ ಹೇಳಲಿ.