ಕಿಟಕಿಯಲ್ಲಿನ ಹರಳು

ಒಂದು ಮಳೆಗಾಲದಲ್ಲಿ ಯಸಳೂರಿನ ಕಡೆಯ ನಮ್ಮ ವಿದ್ಯಾರ್ಥಿನಿಯೊಬ್ಬಳು ಪಟಿಕದ ಹರಳನ್ನು ಬೆಳೆಸಬೇಕೆಂದು ಮನೆಯ ಕಿಟಕಿಯಲ್ಲಿ ಲೋಟವೊಂದನ್ನು ಇಟ್ಟಳು. ಮೂರು ವಾರ ಕಳೆದರೂ ಹರಳು ಬೆಳೆಯಲಿಲ್ಲ. ಮನೆಯ ಹಿರಿಯರು, "ಹೆಣ್ಣುಮಗಳಿಗೆ ಇದೆಲ್ಲ ಏತಕ್ಕೆ?" ಎಂದು ನೀರನ್ನು ಚೆಲ್ಲಿಬಿಟ್ಟರು. ಹುಡುಗಿಯು ತನ್ನ ಕೈಗುಣವೇ ಸರಿಯಿಲ್ಲವೆಂದು ನಂಬಿದಳು.

ತಪ್ಪು ಅವಳದಲ್ಲ, ನಮ್ಮದು. ನೀರು ಮೆಲ್ಲಮೆಲ್ಲನೆ ಆರಿದಂತೆಲ್ಲ ಅದರಲ್ಲಿ ಕರಗಿದ ಪಟಿಕವು ಹರಳಿಗೆ ಬಂದು ಅಂಟಿಕೊಳ್ಳುತ್ತದೆ. ಉಪ್ಪಿನ ಭರಣಿಯೇ ನೀರೂರುವ ನಮ್ಮ ಮಲೆನಾಡಿನ ಆಷಾಢ ಶ್ರಾವಣಗಳಲ್ಲಿ ನೀರು ಆರುವುದೆಂತು? ಎಲ್ಲಿಯೋ ಬರೆದ ಪಾಠವನ್ನು ಈ ಊರಿನ ಮಳೆಯನ್ನು ನೆನೆಯದೆ ನಾವು ಒಪ್ಪಿಸಿದೆವು. ಕಾಫಿ ಕೊಯ್ಲಿನ ಒಣ ದಿನಗಳೇ ಈ ಕೆಲಸಕ್ಕೆ ತಕ್ಕ ಕಾಲ.

ವಿಧಾನವು ಸುಲಭ. ಬಿಸಿನೀರಿನಲ್ಲಿ ಕರಗುವಷ್ಟು ಪಟಿಕವನ್ನು ಕರಗಿಸಿ, ಬಟ್ಟೆಯಲ್ಲಿ ಶೋಧಿಸಿ, ತಣಿಯಬಿಡಬೇಕು. ತಳದಲ್ಲಿ ಕೂಡುವ ಹರಳುಗಳಲ್ಲಿ ಚೆನ್ನಾದುದೊಂದನ್ನು ದಾರಕ್ಕೆ ಕಟ್ಟಿ, ತಣಿದ ಅದೇ ನೀರಿನಲ್ಲಿ ಇಳಿಬಿಟ್ಟು, ತೆಳುಬಟ್ಟೆ ಮುಚ್ಚಿ, ಅಲುಗಿಸದೆ ಕಾಯಬೇಕು. ಕೆಲವು ವಾರಗಳಲ್ಲಿ ಎಂಟು ಮುಖಗಳ ಹರಳು ಕಾಣುವುದು.

ತೋಟದ ಮನೆಗಳಲ್ಲಿ ಕೊಳೆರೋಗಕ್ಕೆಂದು ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಮೈಲುತುತ್ತದ ನೀಲಿಯು ಮಕ್ಕಳ ಮನಸ್ಸನ್ನು ಸೆಳೆಯುವುದು ಸಹಜ. ಆದರೆ ಅದು ವಿಷ. ಅದನ್ನು ಶಾಲೆಯಲ್ಲಿ ಉಪಾಧ್ಯಾಯಿನಿಯರ ಎದುರಿನಲ್ಲಿ ಮಾತ್ರ ಮುಟ್ಟತಕ್ಕದ್ದು.

ಇನ್ನು "ಏತಕ್ಕೆ?" ಎಂಬ ಪ್ರಶ್ನೆ. 1910ರಲ್ಲಿ ಹುಟ್ಟಿದ ಡೊರೊಥಿ ಹಾಡ್ಜ್‌ಕಿನ್ ಸುಮಾರು ಹತ್ತನೆಯ ವಯಸ್ಸಿನಲ್ಲಿ ಈ ಎರಡು ಹರಳುಗಳನ್ನೇ ಬೆಳೆಸಿ ಬೆರಗಾದವರು. ಮುಂದೆ ಹರಳುಗಳ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ ಪೆನಿಸಿಲಿನ್ ಮೊದಲಾದ ಔಷಧಗಳ ಒಳರಚನೆಯನ್ನು ಕಂಡುಹಿಡಿದು, 1964ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿಗೆ ಹೆಣ್ಣೆಂಬ ಕಾರಣದಿಂದ ಮೊದಲು ಪ್ರವೇಶ ದೊರೆಯಲಿಲ್ಲ. ಆಕೆ ಹಿಂಜರಿಯದೆ ಪ್ರವೇಶ ಪಡೆದು, 1939ರಲ್ಲಿ ಕೇಂಬ್ರಿಡ್ಜಿನ ಡಾಕ್ಟರ್ ಪದವಿಯನ್ನೂ ಗಳಿಸಿದರು.

ಎಲ್ಲ ಹುಡುಗಿಯರೂ ವಿಜ್ಞಾನಿಗಳಾಗಲಾರರು; ನಾವು ಅದನ್ನು ಬಯಸುವುದೂ ಇಲ್ಲ. ಆದರೆ ಕೆಲಸ ಕೆಟ್ಟಾಗ ಕೈಗುಣವನ್ನು ಹಳಿಯದೆ ಕಾರಣವನ್ನು ಹುಡುಕುವ ಬುದ್ಧಿಯು ಪ್ರತಿಯೊಬ್ಬಳಿಗೂ ಬೇಕು. ಇಂದು ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕ ಮಹಾಶಯರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ: ಮಗಳಿಗೆ ಒಂದು ಕಿಟಕಿಯನ್ನೂ ಒಂದು ತಿಂಗಳನ್ನೂ ಕೊಡಿರಿ, ಲೋಟದ ನೀರನ್ನು ಚೆಲ್ಲುವ ಮುನ್ನ ಅವಳನ್ನೊಮ್ಮೆ ಕೇಳಿರಿ.