ನಡೆಯುವ ಸುಖ ಯಾರ ಪಾಲಿಗೆ?

ಪರದೇಶಕ್ಕೆ ಹೋಗಿ ಬಂದವರು ಊರ ಕಟ್ಟೆಯ ಮೇಲೆ ಕುಳಿತು ಒಂದು ಮಾತು ತಪ್ಪದೆ ಹೇಳುತ್ತಾರೆ: "ಅಲ್ಲಿ ದಿನಾಲು ಕೆಲಸಕ್ಕೆ ನಡೆದೇ ಹೋಗುತ್ತಿದ್ದೆ. ಏನು ಆನಂದ!" ಆನಂದ ಸುಳ್ಳಲ್ಲ. ಆದರೆ ಮುಂದಿನ ಮಾತು ಕೇಳಿರಿ: "ನಮ್ಮ ಜನಕ್ಕೆ ನಡೆಯುವ ಶಿಸ್ತೇ ಇಲ್ಲ." ಇದನ್ನು ನಾವು ಒಪ್ಪುವದಿಲ್ಲ.

ನಡೆಯುವದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಲ್ಲಸಮುದ್ರದ ಕೂಲಿಕಾರ ಬುತ್ತಿಗಂಟು ಹಿಡಿದು ಗದಗಿಗೆ ನಡೆದದ್ದು ಇಂದು ನಿನ್ನೆಯ ಮಾತಲ್ಲ. ಬೆಟಗೇರಿಯ ನೇಕಾರನೂ, ಸಂತೆಗೆ ಬುಟ್ಟಿ ಹೊತ್ತ ತಾಯಿಯೂ ನಡೆದವರೇ. ಅವರಿಗೆ ಇಲ್ಲದ್ದು ಕಾಲಲ್ಲ, ಕಾಲಿಡುವ ಜಾಗ. ಬೆನ್ನ ಹಿಂದೆ ಲಾರಿಯ ಹಾರ್ನು, ಮಗ್ಗುಲಲ್ಲಿ ಗಟಾರ. ಇದರಲ್ಲಿ ಆನಂದ ಎಲ್ಲಿಂದ ಬರಬೇಕು?

ಆ ದೇಶಗಳ ಆನಂದವೂ ಆಕಾಶದಿಂದ ಉದುರಿದ್ದಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ಪಟ್ಟಣದಲ್ಲಿ 1962ರಲ್ಲಿ ಪೇಟೆಯ ಮುಖ್ಯ ಬೀದಿಗೆ ಮೋಟಾರು ಬರದಂತೆ ಮಾಡಿದರು. ಗಿರಾಕಿ ತಪ್ಪುವರೆಂದು ಅಂಗಡಿಕಾರರು ಅಂಜಿದರು. ಆದರೆ ಅಂಗಡಿಯ ಮುಂದೆ ನಿಲ್ಲುವವನು ನಡೆದು ಬಂದವನೇ. ಆ ಬೀದಿ ಇಂದಿಗೂ ನಡೆಯುವವರದು, ವ್ಯಾಪಾರವೂ ಜೋರಾಗಿದೆ. ನಾರ್ವೆಯ ಆಸ್ಲೋ ನಗರದಲ್ಲಿ 2019ರಲ್ಲಿ ರಸ್ತೆ ಅಪಘಾತದಿಂದ ಒಬ್ಬ ಪಾದಚಾರಿಯೂ ಸಾಯಲಿಲ್ಲ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷಕ್ಕೆ 32,825 ಪಾದಚಾರಿಗಳು ಸತ್ತರು. ಇದು ಸರಕಾರದ್ದೇ ಲೆಕ್ಕ. ದಿನಕ್ಕೆ ಸುಮಾರು ತೊಂಬತ್ತು ಹೆಣ! ಶಿಸ್ತಿನ ಉಪದೇಶಕರು ಇದಕ್ಕೆ ಏನು ಹೇಳುತ್ತಾರೆ?

ಇನ್ನೊಂದು ಹೂಟವನ್ನೂ ತಿಳಿದುಕೊಳ್ಳಿರಿ. ಫುಟ್‌ಪಾಥ್ ಎಂದೊಡನೆ ಅಧಿಕಾರಿಗಳ ಕಣ್ಣು ಬೀಳುವದು ಕೈಗಾಡಿಯ ಮೇಲೆ. ನಡೆಯುವವನಿಗೂ ಮಾರುವವನಿಗೂ ಜಗಳ ಹಚ್ಚಿ, ಅಡ್ಡ ನಿಲ್ಲಿಸಿದ ಕಾರನ್ನು ಮಾತ್ರ ಮುಟ್ಟುವದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯದೆ ಸ್ಪಷ್ಟವಾಗಿದೆ: ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದು, ಊರಿನ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಪಾದಚಾರಿ ಮಾರ್ಗವು ಸಂವಿಧಾನದ 21ನೆಯ ಕಲಮಿನ ಜೀವಿಸುವ ಹಕ್ಕಿಗೆ ಸೇರಿದ್ದೆಂದು ಹೇಳಿತು. ಎರಡೂ ಹಕ್ಕುಗಳು ಬಡವರವೇ. ಒಂದನ್ನು ತೋರಿಸಿ ಇನ್ನೊಂದನ್ನು ಕಸಿಯಲು ನಾವು ಬಿಡಬಾರದು.

ಹಾಗಾದರೆ ಮಾಡುವದೇನು? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ನಿಯಮದಂತೆ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರು ಇರಬೇಕು. ನೇಕಾರ ಬಂಧುಗಳಿಗೆ ತಿಳಿಯುವಂತೆ ಹೇಳಿದರೆ, ನಾಲ್ಕು ಮೊಳ. ಈಗ ಮಲ್ಲಸಮುದ್ರದಲ್ಲಿ ವೈದ್ಯಕೀಯ ಕಾಲೇಜೇ ಇದೆ. ಕೂಲಿಕಾರನಷ್ಟೇ ಅಲ್ಲ, ರೋಗಿಯೂ ವಿದ್ಯಾರ್ಥಿಯೂ ಈ ಹಾದಿ ಹಿಡಿಯುತ್ತಾರೆ. ನಾಳೆ ಕೆಲಸಕ್ಕೆ ಹೋಗುವಾಗ ನಿಮ್ಮ ಹಾದಿಗೆ ಮೊಳ ಹಾಕಿ ನೋಡಿರಿ. ಕಡಿಮೆ ಬಿದ್ದ ಜಾಗಗಳನ್ನು ಬರೆದುಕೊಂಡು ನಗರಸಭೆಗೆ ಅರ್ಜಿ ಕೊಡಿರಿ. ಅದರಲ್ಲಿ ಕೂಲಿಕಾರನ ಸಹಿಯ ಪಕ್ಕದಲ್ಲೇ ಅಂಗಡಿಕಾರನ ಸಹಿ ಇರಲಿ, ಕೈಗಾಡಿಯವನ ಹೆಬ್ಬೆಟ್ಟೂ ಇರಲಿ.

ನಡೆಯುವ ಸುಖಕ್ಕೆ ಪಾಸ್‌ಪೋರ್ಟು ಬೇಕಾಗಬಾರದು.